ಹಳೇ ಆಫೀಸ್ ಕಂಪ್ಯೂಟರಿಗೆ ನೆಟ್ ಸಿಗ್ತಿಲ್ವಾ? ಫಾರ್ಮ್ಯಾಟ್ ಮಾಡುವ ಮೊದಲು ಇಷ್ಟು ನೋಡಿ

ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಸರ್ವಿಸ್ ಕೆಲಸ ಶುರು ಮಾಡಿದ ಹೊಸತರಲ್ಲಿ ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಸಣ್ಣ ಆಫೀಸಿನಿಂದ ಫೋನ್ ಬಂತು, "ನೆಟ್ ಇಲ್ಲ" ಅಂತ. ಬೈಕ್ ಹಾಕಿಕೊಂಡು ಹೋದೆ. ಹಳೇ ಕಂಪ್ಯೂಟರ್, ವಿಂಡೋಸ್ 7. ಅರ್ಧ ಗಂಟೆ ಸೆಟ್ಟಿಂಗ್ಸ್ ಎಲ್ಲ ತಡಕಾಡಿದೆ, ಏನೂ ಆಗಲಿಲ್ಲ, ಕೊನೆಗೆ ಫಾರ್ಮ್ಯಾಟ್ ಮಾಡಿದೆ. ಸಂಜೆ ಆಯಿತು. ವಿಂಡೋಸ್ ಹೊಸದಾಗಿ ಬಂದು ಕೂತಿತು, ನೆಟ್ ಮಾತ್ರ ಬರಲಿಲ್ಲ. ಆಮೇಲೆ ಮೇಜಿನ ಅಡಿಗೆ ನುಗ್ಗಿ ನೋಡಿದರೆ ಲ್ಯಾನ್ ವಯರಿನ, ಅಂದರೆ ಕಂಪ್ಯೂಟರಿಗೆ ನೆಟ್ ತರುವ ವಯರಿನ, ತುದಿಯ ಪ್ಲಾಸ್ಟಿಕ್ ನಾಲಿಗೆ ಮುರಿದಿದೆ. ದೂರದಿಂದ ನೋಡಿದರೆ ವಯರ್ ತೂತಿನಲ್ಲೇ ಕೂತಿದೆ, ಆದರೆ ಒಂದೆರಡು ಮಿಲಿಮೀಟರ್ ಹಿಂದೆ ಜಾರಿದೆ. ಬೆರಳಲ್ಲಿ ಒತ್ತಿ ಹಿಡಿದೆ. ಹಸಿರು ದೀಪ ಹತ್ತಿತು. ಪ್ರಿಂಟರ್ ಡ್ರೈವರ್, ಮಲಯಾಳ ಫಾಂಟ್, ಕನ್ನಡ ಟೈಪ್ ಮಾಡುವ 'ನುಡಿ' ಸಾಫ್ಟ್‌ವೇರ್, ಎಲ್ಲ ಪುನಃ ಹಾಕಲು ಮರುದಿನ ಪೂರ್ತಿ ಹೋಯಿತು. ದುಡ್ಡು ಕೇಳಲು ಮುಖ ಇರಲಿಲ್ಲ.

ಆವತ್ತಿನಿಂದ ನನ್ನದು ಒಂದೇ ಪದ್ಧತಿ. ವಯರಿನಿಂದ ಶುರು ಮಾಡಿ ಮೇಲೆ ಬರುವುದು, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡುವುದು. ನಾಲ್ಕು ಕಡೆ ಒಟ್ಟಿಗೆ ಕೈ ಹಾಕಿದರೆ ನೆಟ್ ಬಂದರೂ ಯಾವುದರಿಂದ ಬಂತು ಅಂತ ಗೊತ್ತಾಗುವುದಿಲ್ಲ, ಮುಂದಿನ ವಾರ ಪುನಃ ಹೋದರೆ ಪುನಃ ಮೊದಲಿಂದ.

ಕಂಪ್ಯೂಟರ್ ಅಂಗಡಿ ಇಡದವರಿಗೂ ಅರ್ಥ ಆಗುವ ಹಾಗೆ ಬರೆಯುತ್ತಿದ್ದೇನೆ. ಕಮಾಂಡುಗಳನ್ನು ಇಲ್ಲಿ ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷಿನಲ್ಲಿ ಮಾಡಿ. ಡಾಟ್ ಅಂದರೆ ಚುಕ್ಕೆ (.), ಸ್ಲ್ಯಾಶ್ ಅಂದರೆ ಓರೆ ಗೆರೆ (/).

ಇದೊಂದಕ್ಕೋ, ಎಲ್ಲದಕ್ಕೋ?

ಯಾವುದನ್ನೂ ಮುಟ್ಟುವ ಮೊದಲು ಪಕ್ಕದ ಕಂಪ್ಯೂಟರ್ ನೋಡಿ. ಪಕ್ಕದ್ದು ಇಲ್ಲದಿದ್ದರೆ ನಿಮ್ಮ ಮೊಬೈಲಿನ ಡಾಟಾ ಆಫ್ ಮಾಡಿ, ಆಫೀಸಿನ ವೈಫೈ ಹಾಕಿ ಒಂದು ಪೇಜ್ ತೆರೆಯಿರಿ. ಡಾಟಾ ಆಫ್ ಮಾಡಲು ಮರೆಯಬೇಡಿ, ಇಲ್ಲದಿದ್ದರೆ ಮೊಬೈಲ್ ಸುಮ್ನೆ ಸಿಮ್ಮಿನ ನೆಟ್ಟಿನಲ್ಲಿ ಪೇಜ್ ತೋರಿಸಿ ನಿಮ್ಮನ್ನು ಮಂಗ ಮಾಡುತ್ತದೆ.

ಯಾವುದಕ್ಕೂ ನೆಟ್ ಇಲ್ಲ ಅಂತಾದರೆ ಕಂಪ್ಯೂಟರಿನ ತಪ್ಪು ಅಲ್ಲ. ಗೋಡೆಯಲ್ಲಿರುವ ಫೈಬರ್ ಮೋಡೆಮ್ ನೋಡಿ. 'ಪಾನ್' (PON) ಅಂತ ಬರೆದ ದೀಪ ಹಸಿರಾಗಿ ನಿಂತಿರಬೇಕು. 'ಲಾಸ್' (LOS) ಅಂತ ಬರೆದದ್ದು ಕೆಂಪಗೆ ಮಿನುಗುತ್ತಿದ್ದರೆ ಹೊರಗಿನಿಂದ ಬೆಳಕೇ ಬರುತ್ತಿಲ್ಲ ಅಂತ ಅರ್ಥ. ಎಲ್ಲೋ ತೆಂಗಿನ ಮಡಲು ಬಿದ್ದು ಕೇಬಲ್ ತುಂಡಾಗಿರುತ್ತದೆ, ಅಥವಾ ಮೋಡೆಮಿನ ಹಿಂದೆ ಸಪೂರ ಹಳದಿ ವಯರನ್ನು ಯಾರೋ ಮಡಚಿರುತ್ತಾರೆ. ಅದು ಗಾಜಿನ ಎಳೆ, ಚೂಪಾಗಿ ಮಡಚಿದರೆ ಬೆಳಕು ದಾಟುವುದಿಲ್ಲ. ಮಡಿಕೆ ಬಿಡಿಸಿ ನೋಡಿ, ಆಗದಿದ್ದರೆ ಕಂಪೆನಿಗೆ ಫೋನ್ ಮಾಡಿ. ಅಲ್ಲಿ ಮಲಯಾಳದವರೇ ಎತ್ತಿದರೂ ಹೆದರಬೇಡಿ, "ನೆಟ್ ಇಲ್ಲ" ಅನ್ನುವುದು ಎರಡೂ ಭಾಷೆಯಲ್ಲಿ ಒಂದೇ. "ಲಾಸ್ ಕೆಂಪು" ಅಂದರೆ ಸಾಕು, ಅವರಿಗೆ ಎಲ್ಲ ಅರ್ಥ ಆಗುತ್ತದೆ.

ಪಾನ್ ಹಸಿರು ಉಂಟು, ಆದರೂ ಎಲ್ಲಿಯೂ ನೆಟ್ ಇಲ್ಲವೇ? ಮೋಡೆಮ್, ರೂಟರ್, ಸ್ವಿಚ್ (ಗೋಡೆಯ ಕರೆಂಟ್ ಸ್ವಿಚ್ ಅಲ್ಲ, ಹಲವು ಕಂಪ್ಯೂಟರುಗಳ ಲ್ಯಾನ್ ವಯರ್ ಬಂದು ಸೇರುವ ಡಬ್ಬ) ಎಲ್ಲ ಆಫ್ ಮಾಡಿ. ಮೊದಲು ಮೋಡೆಮ್ ಹಾಕಿ, ಎರಡು ನಿಮಿಷ ಬಿಡಿ. ಆಮೇಲೆ ರೂಟರ್, ಆಮೇಲೆ ಸ್ವಿಚ್, ಕೊನೆಗೆ ಕಂಪ್ಯೂಟರ್.

ಆಯುಧ ಪೂಜೆ ಕಳೆದ ಮರುದಿನ ನನಗೆ ಜಾಸ್ತಿ ಫೋನ್ ಬರುತ್ತದೆ. ಪೂಜೆಗೆ ಅಂತ ಎಲ್ಲ ವಯರ್ ಕಿತ್ತು, ಒರೆಸಿ, ಕುಂಕುಮ ಹಚ್ಚಿ, ಪುನಃ ಸಿಕ್ಕಿಸಿರುತ್ತಾರೆ. ಒಮ್ಮೆ ಹೋಗಿ ನೋಡಿದರೆ ಸ್ವಿಚ್ಚಿನ ಎಲ್ಲ ದೀಪಗಳೂ ಹುಚ್ಚು ಹಿಡಿದ ಹಾಗೆ ಒಟ್ಟಿಗೆ ಮಿನುಗುತ್ತಿವೆ, ಯಾರಿಗೂ ನೆಟ್ ಇಲ್ಲ. ಕೆಳಗೆ ಬಿದ್ದಿದ್ದ ಒಂದು ವಯರಿನ ತುದಿ ಕಂಡು, ಇದು ಎಲ್ಲಿಂದಲೋ ಕಳಚಿದ್ದಿರಬೇಕು ಅಂತ ಯಾರೋ ಒಳ್ಳೆ ಮನಸ್ಸಿನಿಂದ ಅದನ್ನು ಸ್ವಿಚ್ಚಿಗೆ ಸಿಕ್ಕಿಸಿದ್ದಾರೆ. ಆ ವಯರಿನ ಇನ್ನೊಂದು ತುದಿಯೂ ಅದೇ ಸ್ವಿಚ್ಚಿನಲ್ಲೇ ಇತ್ತು. ಹೀಗೆ ಸುತ್ತು ಹಾಕಿದರೆ ಮಾಹಿತಿ ಅಲ್ಲೇ ಗಿರಕಿ ಹೊಡೆಯುತ್ತಾ ಇಡೀ ಆಫೀಸಿನ ನೆಟ್‌ವರ್ಕ್ ಮಲಗುತ್ತದೆ, ಸಣ್ಣ ಸ್ವಿಚ್ಚುಗಳಲ್ಲಿ ಅದನ್ನು ತಡೆಯುವ ವ್ಯವಸ್ಥೆ ಇರುವುದು ಕಮ್ಮಿ. ಒಂದು ತುದಿ ಎಳೆದೆ, ಮುಗಿಯಿತು.

ಈ ಒಂದು ಕಂಪ್ಯೂಟರಿಗೆ ಮಾತ್ರ ಇಲ್ಲ ಅಂತಾದರೆ ಮುಂದೆ ಬನ್ನಿ.

ವಯರ್

"ವಯರ್ ಸರಿ ಉಂಟು, ನಾನು ನೋಡಿದ್ದೇನೆ" ಅಂತ ಆಫೀಸಿನ ಅಕ್ಕ ಹೇಳುತ್ತಾರೆ. "ಆಯ್ತಕ್ಕ, ಆದರೂ ಒಮ್ಮೆ ನೋಡ್ತೇನೆ" ಅನ್ನಿ. ನೋಡಲೇಬೇಕು.

ಕಂಪ್ಯೂಟರಿನ ಹಿಂದೆ ಲ್ಯಾನ್ ತೂತಿನ ಪಕ್ಕದಲ್ಲಿ ಪುಟ್ಟ ದೀಪಗಳಿರುತ್ತವೆ, ಹೆಚ್ಚಾಗಿ ಎರಡು. ಒಂದು ಹತ್ತಿ ನಿಂತಿರಬೇಕು, ಇನ್ನೊಂದು ಆಗಾಗ ಮಿನುಗಬೇಕು. ಎರಡೂ ಸತ್ತಿದ್ದರೆ ವಯರ್, ಸ್ವಿಚ್ಚಿನ ಪೋರ್ಟ್, ಇಲ್ಲವೇ ಕಂಪ್ಯೂಟರಿನ ಲ್ಯಾನ್, ಈ ಮೂರರಲ್ಲಿ ಒಂದು ಹೋಗಿದೆ. ವಿಂಡೋಸ್ ಒಳಗೆ ತಡಕಾಡಿ ಸಮಯ ಹಾಳು ಮಾಡಬೇಡಿ.

ವಯರನ್ನು ಎರಡೂ ತುದಿಯಲ್ಲಿ ಕಿತ್ತು ಪುನಃ ಹಾಕಿ, ಟಕ್ ಅಂತ ಶಬ್ದ ಬರಬೇಕು. ಆದರೂ ದೀಪ ಹತ್ತಲಿಲ್ಲವೇ, ಸ್ವಿಚ್ಚಿನಲ್ಲಿ ಬೇರೆ ಪೋರ್ಟಿಗೆ ಹಾಕಿ. ಆಗಲೂ ದೀಪ ಹತ್ತದಿದ್ದರೆ ನೆಟ್ ಬರುವ ಕಂಪ್ಯೂಟರಿನ ವಯರನ್ನೇ ಎಳೆದು ಇದಕ್ಕೆ ಹಾಕಿ. ಹತ್ತಿತಾ? ಹಾಗಾದರೆ ಹಳೇ ವಯರಿನದ್ದೇ ತೊಂದರೆ.

ಕಿತ್ತ ತುದಿಯನ್ನು ಮೊಬೈಲ್ ಟಾರ್ಚ್ ಹಾಕಿ ಹತ್ತಿರದಿಂದ ನೋಡಿ. ಒಳ್ಳೆ ತುದಿಯಾದರೆ ಎಂಟು ಚಿನ್ನದ ಬಣ್ಣದ ಗೆರೆ ಹೊಳೆಯುತ್ತವೆ. ನಮ್ಮ ಕಾಸರಗೋಡಿನ ಮಳೆಗಾಲ ನಾಲ್ಕು ವರ್ಷ ಕಂಡ ತುದಿಯಲ್ಲಿ ಎರಡು ಮೂರು ಗೆರೆ ಮಂಕಾಗಿರುತ್ತವೆ, ಬುಡದಲ್ಲಿ ಹಸಿರು ಪುಡಿ ಕೂತಿರುತ್ತದೆ. ತಾಮ್ರದ ಚೆಂಬಿಗೆ ಕಿಲುಬು ಹಿಡಿದ ಹಾಗೆಯೇ. ಅಂಥದ್ದನ್ನು ಒರೆಸಿ ಉಪಯೋಗ ಇಲ್ಲ, ಕತ್ತರಿಸಿ ಹೊಸ ತುದಿ ಹಾಕಿಸಿ. ಕಂಪ್ಯೂಟರಿನ ತೂತಿನೊಳಗೂ ಒಮ್ಮೆ ನೋಡಿ. ಬಹಳ ದಿನ ಖಾಲಿ ಬಿಟ್ಟ ತೂತಿನಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರುತ್ತದೆ, ತಮಾಷೆಗೆ ಹೇಳುವುದಲ್ಲ.

ತುದಿ ನೀವೇ ಹಾಕುವುದಾದರೆ ಬಣ್ಣದ ಸಾಲು ಇದು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ನಾಲಿಗೆ ಕೆಳಗೆ ಮಾಡಿ, ವಯರ್ ನುಗ್ಗಿಸುವ ಬಾಯಿ ನಿಮ್ಮ ಕಡೆ ಇಟ್ಟು ಹಿಡಿದರೆ ಎಡದಿಂದ ಬಲಕ್ಕೆ ಈ ಸಾಲು. ಎರಡೂ ತುದಿಗೆ ಒಂದೇ ಸಾಲು. ಹಸಿರು ಜೋಡಿಯ ನಡುವೆ ನೀಲಿ ಜೋಡಿ ಬರುವುದು ನೋಡಿ, ಹೊಸಬರು ತಪ್ಪುವುದೇ ಅಲ್ಲಿ. ಇನ್ನೊಂದು ವಿಷಯ, ಸ್ವಿಚ್ಚಿನಿಂದ ಕಂಪ್ಯೂಟರಿಗೆ ವಯರ್ 100 ಮೀಟರ್ ದಾಟಬಾರದು. ಹಿತ್ತಿಲಿನ ಗೋಡೌನಿಗೆ ಅಂತ ಎಳೆದು ಎಳೆದು ಕೊನೆಗೆ ಅದಕ್ಕಿಂತ ಉದ್ದ ಆದದ್ದೂ ಉಂಟು.

ದೀಪ ಹತ್ತುತ್ತದೆ ಆರುತ್ತದೆ, ನೆಟ್ ಬರುತ್ತದೆ ಹೋಗುತ್ತದೆ ಅಂತಾದರೆ ಇಲಿ ಕಚ್ಚಿರಬಹುದು. ಗಿಗಾಬಿಟ್ ವೇಗಕ್ಕೆ ಎಂಟೂ ಎಳೆ ಬೇಕು, 100 ಎಂಬಿಪಿಎಸ್ ವೇಗಕ್ಕೆ 1, 2, 3, 6 ಈ ನಾಲ್ಕೇ ಸಾಕು. ಆದ್ದರಿಂದ ಡಿವೈಸ್ ಮ್ಯಾನೇಜರಿನಲ್ಲಿ (ಕಂಪ್ಯೂಟರಿನ ಭಾಗಗಳ ಪಟ್ಟಿ ತೋರಿಸುವ ವಿಂಡೋಸಿನ ಕಿಟಕಿ) ಲ್ಯಾನ್ ಕಾರ್ಡಿನ ಪ್ರಾಪರ್ಟೀಸ್, ಅಡ್ವಾನ್ಸ್‌ಡ್, ಸ್ಪೀಡ್ ಅಂಡ್ ಡುಪ್ಲೆಕ್ಸ್‌ಗೆ ಹೋಗಿ 100ಕ್ಕೆ ಇಳಿಸಿ ನೋಡಿ. ಆಗ ಸ್ಥಿರವಾಗಿ ನಿಂತರೆ ಉಳಿದ ನಾಲ್ಕರಲ್ಲಿ ಯಾವುದೋ ಎಳೆ ತುಂಡಾಗಿದೆ. ಇದು ಪರೀಕ್ಷೆಗೆ ಮಾತ್ರ. ವಯರ್ ಬದಲಿಸಿ, ಸೆಟ್ಟಿಂಗನ್ನು ಪುನಃ ಆಟೋಗೆ ತನ್ನಿ.

ಸಿಡಿಲು ಹೊಡೆದ ಮರುದಿನ

ಇದು ನಮ್ಮ ಕಡೆಯ ಸ್ಪೆಷಲ್. ಅಕ್ಟೋಬರ್, ನವೆಂಬರಿನ ತುಲಾ ಮಳೆಯಲ್ಲಿ ಸಂಜೆಯಾದರೆ ಸಾಕು, ಗುಡುಗು ಶುರು. ಕಂಪ್ಯೂಟರ್ ಎಂದಿನಂತೆ ಆನ್ ಆಗುತ್ತದೆ, ಎಲ್ಲ ಸರಿ, ಲ್ಯಾನ್ ಮಾತ್ರ ಸತ್ತಿರುತ್ತದೆ. ಜನ ಕರೆಂಟಿನ ಪ್ಲಗ್ ಎಳೆಯುತ್ತಾರೆ, ಲ್ಯಾನ್ ವಯರ್ ಹಾಗೇ ಬಿಡುತ್ತಾರೆ. ಫೈಬರ್ ಗಾಜು, ಅದರೊಳಗೆ ಕರೆಂಟ್ ಹರಿಯುವುದಿಲ್ಲ, ಸರಿ. ಆದರೆ ಮೋಡೆಮಿನ ಅಡಾಪ್ಟರ್ ಪ್ಲಗ್ಗಿನಲ್ಲೇ ಉಂಟಲ್ಲ, ಅಲ್ಲಿಂದ ಬಂದದ್ದು ತಾಮ್ರದ ಲ್ಯಾನ್ ವಯರ್ ಹಿಡಿದು ಸೀದಾ ಮದರ್‌ಬೋರ್ಡಿಗೆ. ಎರಡು ಕಟ್ಟಡಗಳ ನಡುವೆ ಮರದ ಮೇಲಿಂದ ಲ್ಯಾನ್ ವಯರ್ ಎಳೆದಿದ್ದರಂತೂ ಕೇಳುವುದೇ ಬೇಡ. ಗುಡುಗು ಶುರುವಾದರೆ ಎರಡನ್ನೂ ಎಳೆಯಿರಿ, ಅದೂ ಗುಡುಗು ದೂರದಲ್ಲಿರುವಾಗಲೇ. ತಲೆ ಮೇಲೆ ಬಂದ ಮೇಲೆ ವಯರ್ ಮುಟ್ಟಲು ಹೋಗಬೇಡಿ.

ಆದರೆ ಲ್ಯಾನ್ ಸತ್ತಿದೆ ಅಂತ ತೀರ್ಮಾನ ಮಾಡುವ ಮೊದಲು ಒಂದು ಕೆಲಸ. ಶಟ್‌ಡೌನ್ ಮಾಡಿದರೂ ಪ್ಲಗ್ಗಿನಲ್ಲಿ ಕರೆಂಟ್ ಇರುವ ತನಕ ಮದರ್‌ಬೋರ್ಡಿಗೆ 5 ವೋಲ್ಟ್ ಬರುತ್ತಲೇ ಇರುತ್ತದೆ, ಹಾಗಾಗಿ ಲ್ಯಾನ್ ಚಿಪ್ ಪೂರ್ತಿ ಆಫ್ ಆಗುವುದೇ ಇಲ್ಲ. ಕರೆಂಟ್ ಏರಿಳಿತಕ್ಕೆ ಅದು ಕೆಲವೊಮ್ಮೆ ಸ್ತಬ್ಧ ಆಗಿ ಕೂತುಬಿಡುತ್ತದೆ, ರೀಸ್ಟಾರ್ಟಿಗೂ ಎದ್ದೇಳುವುದಿಲ್ಲ. ಶಟ್‌ಡೌನ್ ಮಾಡಿ, ಪವರ್ ವಯರ್ ಮತ್ತು ಲ್ಯಾನ್ ವಯರ್ ಎರಡೂ ಎಳೆದು, ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಐದು ನಿಮಿಷ ಬಿಡಿ, ಒಂದು ಚಾ ಕುಡಿಯಿರಿ. ಪುನಃ ಹಾಕಿ. ಸತ್ತೇ ಹೋಯಿತು ಅಂದುಕೊಂಡ ಲ್ಯಾನ್ ಹೀಗೆ ಎದ್ದದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಏಳಲಿಲ್ಲವೇ? ಆನ್ ಆಗುವಾಗ ಡಿಲೀಟ್ ಅಥವಾ ಎಫ್2 ಒತ್ತಿ ಬಯೋಸಿಗೆ (ವಿಂಡೋಸ್ ಬರುವ ಮೊದಲಿನ ಸೆಟ್ಟಿಂಗ್ಸ್ ಪರದೆ) ಹೋಗಿ, ಆನ್‌ಬೋರ್ಡ್ ಲ್ಯಾನ್ 'ಎನೇಬಲ್ಡ್' ಉಂಟಾ ನೋಡಿ. ಉಂಟು, ಆದರೂ ಡಿವೈಸ್ ಮ್ಯಾನೇಜರಿನಲ್ಲಿ ಅದರ ಹೆಸರೇ ಇಲ್ಲ ಅಂತಾದರೆ ಚಿಪ್ ಹೋಗಿದೆ. ಮದರ್‌ಬೋರ್ಡ್ ಬದಲಿಸಬೇಕಾಗಿಲ್ಲ. ಒಂದು ಲ್ಯಾನ್ ಕಾರ್ಡ್ ಹಾಕಿದರೆ ಮುಗಿಯಿತು. ಮೊದಲು ಡಬ್ಬ ತೆರೆದು ಸ್ಲಾಟ್ ಯಾವುದು ಅಂತ ನೋಡಿ, ತುಂಬಾ ಹಳೆಯದರಲ್ಲಿ ಉದ್ದದ ಬಿಳಿ ಪಿಸಿಐ ಮಾತ್ರ ಇರಬಹುದು, ಈಗ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಪಿಸಿಐ ಎಕ್ಸ್‌ಪ್ರೆಸ್. ಡಬ್ಬ ತೆರೆಯಲು ಮನಸ್ಸಿಲ್ಲದಿದ್ದರೆ ಯುಎಸ್‌ಬಿ ಲ್ಯಾನ್ ಅಡಾಪ್ಟರ್ ತನ್ನಿ. ವಿಂಡೋಸ್ 7ಕ್ಕೆ ಅದರ ಡ್ರೈವರ್ ಬೇರೆ ಹಾಕಬೇಕಾಗಬಹುದು, ಬೇರೆ ಕಂಪ್ಯೂಟರಿನಲ್ಲಿ ಇಳಿಸಿ ಪೆನ್‌ಡ್ರೈವಿನಲ್ಲಿ ತಂದಿಟ್ಟುಕೊಳ್ಳಿ. ನೆಟ್ ಇಲ್ಲದ ಕಂಪ್ಯೂಟರಿನಲ್ಲಿ ನೆಟ್ಟಿನ ಡ್ರೈವರ್ ಇಳಿಸಲು ಆಗುವುದಿಲ್ಲ ಅಲ್ವಾ.

ದೀಪ ಹತ್ತಿದೆ, ನೆಟ್ ಇಲ್ಲ

ಈಗ ವಿಂಡೋಸ್ ಒಳಗೆ ಹೋಗುವ ಸಮಯ. ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ 'ಎನ್‌ಸಿಪಿಎ ಡಾಟ್ ಸಿಪಿಎಲ್' ಅಂತ ಹೊಡೆಯಿರಿ. ಲ್ಯಾನಿನ ಚಿತ್ರ ಬೂದು ಬಣ್ಣದಲ್ಲಿ ಇದ್ದರೆ ಯಾರೋ ಡಿಸೇಬಲ್ ಮಾಡಿದ್ದಾರೆ. ರೈಟ್ ಕ್ಲಿಕ್, ಎನೇಬಲ್.

ಅದು ಸರಿ ಇದ್ದರೆ ಪುನಃ ವಿಂಡೋಸ್ ಆರ್ ಒತ್ತಿ 'ಸಿಎಂಡಿ' ಹೊಡೆಯಿರಿ, ಕಪ್ಪು ಪರದೆ ಬರುತ್ತದೆ. ಅದರಲ್ಲಿ 'ಐಪಿಕಾನ್ಫಿಗ್ ಸ್ಲ್ಯಾಶ್ ಆಲ್'. ಮೊದಲು ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಮೊಬೈಲಿನಲ್ಲಿ. ಆಮೇಲೆ ಐಪಿವಿ4 ಅಡ್ರೆಸ್ ಅನ್ನುವ ಸಾಲು ಹುಡುಕಿ, ಅದು ಆಫೀಸಿನ ನೆಟ್‌ವರ್ಕಿನಲ್ಲಿ ಈ ಕಂಪ್ಯೂಟರಿನ ವಿಳಾಸ.

ಅದು 169.254 ಅಂತ ಶುರುವಾಗಿದ್ದರೆ ಕಂಪ್ಯೂಟರ್ ರೂಟರಿನ ಹತ್ತಿರ ವಿಳಾಸ ಕೇಳಿದೆ, ಉತ್ತರ ಸಿಗದೆ ತಾನೇ ಒಂದು ಇಟ್ಟುಕೊಂಡಿದೆ. 'ಐಪಿಕಾನ್ಫಿಗ್ ಸ್ಲ್ಯಾಶ್ ರಿಲೀಸ್', ಆಮೇಲೆ 'ಐಪಿಕಾನ್ಫಿಗ್ ಸ್ಲ್ಯಾಶ್ ರಿನ್ಯೂ' ಕೊಡಿ. ಆಗದಿದ್ದರೆ ರೂಟರ್ ಒಮ್ಮೆ ಆಫ್ ಆನ್ ಮಾಡಿ. ಇನ್ನೂ ಅದೇ ಬಂದರೆ ದೀಪ ಹತ್ತಿದ್ದರೂ ವಯರನ್ನು ನಂಬಬೇಡಿ, ಹಿಂದೆ ಹೋಗಿ ಬೇರೆ ವಯರ್ ಹಾಕಿ ನೋಡಿ.

192.168 ಅಂತ ಶುರುವಾಗಿದ್ದರೆ ಒಳ್ಳೆಯದು, ಆದರೆ ಅಲ್ಲಿಗೇ ಖುಷಿ ಪಡಬೇಡಿ. ಹಳೇ ಆಫೀಸುಗಳಲ್ಲಿ ನನಗೆ ಅತಿ ಹೆಚ್ಚು ಸಿಕ್ಕಿದ ತೊಂದರೆ ಇಲ್ಲೇ ಇರುವುದು. ಯಾವುದೋ ಕಾಲದಲ್ಲಿ ಪ್ರಿಂಟರ್ ಶೇರ್ ಮಾಡಲು ಅಂತ ಯಾರೋ ವಿಳಾಸವನ್ನು ಕೈಯಲ್ಲೇ ಬರೆದು ಕೂರಿಸಿರುತ್ತಾರೆ, 192.168.1.50 ಅಂತ ಇಟ್ಟುಕೊಳ್ಳಿ. ಆಗ ರೂಟರ್ 192.168.1.1 ಆಗಿತ್ತು. ವರ್ಷಗಳ ನಂತರ ಕನೆಕ್ಷನ್ ಬದಲಾಗುತ್ತದೆ, ಹೊಸ ರೂಟರ್ ಬರುತ್ತದೆ, ಅದು 192.168.0.1. ಮೊಬೈಲಿಗೆ, ಹೊಸ ಲ್ಯಾಪ್‌ಟಾಪಿಗೆ ಎಲ್ಲ ನೆಟ್ ಬರುತ್ತದೆ, ಈ ಹಳೇ ಕಂಪ್ಯೂಟರ್ ಮಾತ್ರ ಮನೆ ಬಿಟ್ಟು ಹೋದವರ ಬಾಗಿಲು ಬಡಿಯುತ್ತಾ ಕೂರುತ್ತದೆ. ರೂಟರ್ ಬದಲಿಸಲು ಬಂದವರು ಮೊಬೈಲಿನಲ್ಲಿ ಒಂದು ವಿಡಿಯೋ ಓಡಿಸಿ ತೋರಿಸಿ ಹೋಗಿರುತ್ತಾರೆ.

ಮಾಡುವುದು ಹೀಗೆ. ಆ ಲ್ಯಾನ್ ಚಿತ್ರದ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಇಂಟರ್ನೆಟ್ ಪ್ರೋಟೋಕಾಲ್ ವರ್ಷನ್ 4. ಅಲ್ಲಿ ಅಂಕೆಗಳು ತುಂಬಿದ್ದರೆ ಫೋಟೋ ತೆಗೆಯಿರಿ, ಆಮೇಲೆ ಮೇಲಿನದ್ದನ್ನೂ ಕೆಳಗಿನದ್ದನ್ನೂ 'ಆಟೋಮ್ಯಾಟಿಕಲಿ' ಅಂತ ಮಾಡಿ. ಆದರೆ ಕೇಳದೆ ಮಾಡಬೇಡಿ. ಬೇರೆ ಕಂಪ್ಯೂಟರುಗಳು ಈ ಕಂಪ್ಯೂಟರನ್ನು ಅದೇ ವಿಳಾಸದಲ್ಲಿ ಹುಡುಕುತ್ತಿದ್ದರೆ, ಅಂದರೆ ಬಿಲ್ಲಿಂಗಿನ ಡಾಟಾ ಇದರಲ್ಲೇ ಇದ್ದರೆ, ವಿಳಾಸ ತಾನಾಗಿ ಬದಲಾದ ದಿನ ಅವರೆಲ್ಲರ ಕೆಲಸ ನಿಲ್ಲುತ್ತದೆ.

ಪಿಂಗ್ ಏಣಿ

ವಿಳಾಸ ಸರಿ ಇದ್ದರೂ ನೆಟ್ ಇಲ್ಲದಿದ್ದರೆ ಕಪ್ಪು ಪರದೆಯಲ್ಲಿ ನಾಲ್ಕು ಮೆಟ್ಟಿಲು ಹತ್ತಿ. ಪಿಂಗ್ ಅಂದರೆ ಒಂದು ವಿಳಾಸವನ್ನು ಕರೆದು ಉತ್ತರ ಬರುತ್ತದಾ ನೋಡುವುದು, ಉತ್ತರ ಬಾರದಿದ್ದರೆ ಆ ಮೆಟ್ಟಿಲಲ್ಲಿ ಬಿದ್ದ ಹಾಗೆ. 'ಪಿಂಗ್ 127.0.0.1', ಇದು ಕಂಪ್ಯೂಟರ್ ತನ್ನನ್ನೇ ಕರೆಯುವುದು. 'ಪಿಂಗ್' ಹಾಕಿ ಡಿಫಾಲ್ಟ್ ಗೇಟ್‌ವೇ ಅಂತ ಫೋಟೋದಲ್ಲಿ ಕಂಡ ಅಂಕೆ, ಇದು ರೂಟರನ್ನು ಕರೆಯುವುದು. 'ಪಿಂಗ್ 8.8.8.8', ಇದು ಹೊರಗೆ ಗೂಗಲ್ಲಿನ ಸರ್ವರ್. ಕೊನೆಗೆ 'ಪಿಂಗ್ ಗೂಗಲ್ ಡಾಟ್ ಕಾಮ್'.

ಮೊದಲನೆಯದೇ ಬೀಳುತ್ತದಾ? ವಿಂಡೋಸಿನ ನೆಟ್‌ವರ್ಕ್ ಭಾಗ ಕೆಟ್ಟಿದೆ. ಸಿಎಂಡಿಯನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು 'ನೆಟ್‌ಎಸ್‌ಎಚ್ ವಿನ್‌ಸಾಕ್ ರೀಸೆಟ್', ಆಮೇಲೆ 'ನೆಟ್‌ಎಸ್‌ಎಚ್ ಇಂಟ್ ಐಪಿ ರೀಸೆಟ್' ಕೊಟ್ಟು ರೀಸ್ಟಾರ್ಟ್ ಮಾಡಿ. ಎರಡನೆಯದು ಕೈಯಲ್ಲಿ ಹಾಕಿದ ವಿಳಾಸವನ್ನೂ ಅಳಿಸಿಬಿಡಬಹುದು, ಫೋಟೋ ತೆಗೆಯಲು ಹೇಳಿದ್ದು ಇದಕ್ಕೇ. ರೂಟರಿನ ಮೆಟ್ಟಿಲಲ್ಲಿ ಬಿದ್ದರೆ ವಯರ್, ವಿಳಾಸ, ಇಲ್ಲವೇ ಆ್ಯಂಟಿವೈರಸ್. ದುಡ್ಡು ಕಟ್ಟದೆ ಅವಧಿ ಮುಗಿದ ಆ್ಯಂಟಿವೈರಸ್ಸಿನ ಫೈರ್‌ವಾಲ್ ಅರ್ಧ ಜೀವದಲ್ಲಿ ಕೂತು ಎಲ್ಲವನ್ನೂ ತಡೆಯುವುದುಂಟು, ಅದನ್ನು ಪೂರ್ತಿ ಅನ್‌ಇನ್‌ಸ್ಟಾಲ್ ಮಾಡಿ ನೋಡಿ. ಮೂರನೆಯದು ದಾಟಿ ನಾಲ್ಕನೆಯದರಲ್ಲಿ ಮಾತ್ರ ಬಿದ್ದರೆ ಕೆಟ್ಟಿರುವುದು ಸೈಟಿನ ಹೆಸರಿಗೆ ಅಂಕೆಯ ವಿಳಾಸ ಹುಡುಕಿಕೊಡುವ ಡಿಎನ್‌ಎಸ್. ಅದೇ ವರ್ಷನ್ 4ರ ಕಿಟಕಿಯಲ್ಲಿ ಡಿಎನ್‌ಎಸ್ ಜಾಗಕ್ಕೆ 8.8.8.8 ಮತ್ತು 1.1.1.1 ಹಾಕಿ, 'ಐಪಿಕಾನ್ಫಿಗ್ ಸ್ಲ್ಯಾಶ್ ಫ್ಲಶ್‌ಡಿಎನ್‌ಎಸ್' ಕೊಡಿ.

ನಾಲ್ಕೂ ದಾಟಿದರೆ ನೆಟ್ ಬಂದಿದೆ ಅಂತ ಅರ್ಥ. ಆದರೂ ಬ್ರೌಸರ್ ತೆರೆಯುವುದಿಲ್ಲವೇ? ವಿಂಡೋಸ್ ಆರ್, 'ಐನೆಟ್‌ಸಿಪಿಎಲ್ ಡಾಟ್ ಸಿಪಿಎಲ್', ಕನೆಕ್ಷನ್ಸ್, ಲ್ಯಾನ್ ಸೆಟ್ಟಿಂಗ್ಸ್. ಪ್ರಾಕ್ಸಿಗೆ (ನೆಟ್ಟನ್ನು ಬೇರೊಂದು ಕಂಪ್ಯೂಟರಿನ ಮೂಲಕ ಕಳಿಸುವ ಸೆಟ್ಟಿಂಗ್) ಟಿಕ್ ಇದ್ದರೆ, ಅದು ಆಫೀಸಿನವರು ಬೇಕು ಅಂತಲೇ ಹಾಕಿದ್ದಲ್ಲದಿದ್ದರೆ, ತೆಗೆಯಿರಿ. ಅಲ್ಲಿ ಏನೂ ಇಲ್ಲದಿದ್ದರೆ ಕೆಳಗೆ ಬಲ ಮೂಲೆಯ ಗಡಿಯಾರ ನೋಡಿ.

ಗಡಿಯಾರ ತಪ್ಪಿದರೂ ನೆಟ್ ಹೋಗುತ್ತದೆ

ಪೆರ್ಲದ ಕಡೆ ಒಂದು ಆಫೀಸಿನಲ್ಲಿ ಪ್ರತಿ ಸೋಮವಾರ ನೆಟ್ ಇರುತ್ತಿರಲಿಲ್ಲ, ಮಂಗಳವಾರ ಸರಿ. ನೋಡಿದರೆ ತಾರೀಕು 2009ಕ್ಕೆ ಹೋಗಿದೆ. ಬ್ಯಾಂಕು, ಇಮೇಲ್, ಸರ್ಕಾರದ ಸೈಟು, ಇವೆಲ್ಲಕ್ಕೂ ಒಂದು ಸರ್ಟಿಫಿಕೇಟ್ ಇರುತ್ತದೆ, ಅದಕ್ಕೊಂದು ಅವಧಿ. 2009ರಲ್ಲಿ ಕೂತ ಕಂಪ್ಯೂಟರಿನ ಲೆಕ್ಕದಲ್ಲಿ ಆ ಸರ್ಟಿಫಿಕೇಟುಗಳು ಇನ್ನೂ ಹುಟ್ಟಿಯೇ ಇಲ್ಲ, ಹಾಗಾಗಿ ಬ್ರೌಸರ್ ಬಾಗಿಲು ಹಾಕುತ್ತದೆ. ಜನ ಅದನ್ನೂ "ನೆಟ್ ಇಲ್ಲ" ಅಂತಲೇ ಹೇಳುವುದು.

ಕಾರಣ ಮದರ್‌ಬೋರ್ಡಿನಲ್ಲಿರುವ ನಾಣ್ಯದಂಥ ಸೆಲ್, ಸಿಆರ್2032, 3 ವೋಲ್ಟಿನದು. ಪ್ಲಗ್ಗಿನಲ್ಲಿ ಕರೆಂಟ್ ಇರುವಾಗ ಗಡಿಯಾರಕ್ಕೆ ಅಲ್ಲಿಂದಲೇ ಶಕ್ತಿ, ಸೆಲ್ಲಿಗೆ ಕೆಲಸ ಇಲ್ಲ. ಪ್ಲಗ್ ಎಳೆದಾಗ ಮಾತ್ರ ಸೆಲ್ ಖರ್ಚಾಗುತ್ತದೆ. ನಾವೋ ಸಿಡಿಲಿಗೆ ಹೆದರಿ ಶನಿವಾರ ಸಂಜೆ ಮೈನ್ ಸ್ವಿಚ್ಚೇ ಆಫ್ ಮಾಡಿ ಹೋಗುವವರು. ಹಾಗಾಗಿ ನಮ್ಮಲ್ಲಿ ಸೆಲ್ ಬೇಗ ಮುಗಿಯುತ್ತದೆ. ಸಿಡಿಲಿಗೆ ಪ್ಲಗ್ ಎಳೆಯುವುದು ಬಿಡಬೇಡಿ, ಸೆಲ್ ಬದಲಿಸಿ, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಅವರ ಮಂಗಳವಾರದ ಗುಟ್ಟು ಇಷ್ಟೇ: ಸೋಮವಾರ ಸಂಜೆ ಅಟೆಂಡರ್ ಅಣ್ಣ ತಾರೀಕು ತಪ್ಪಿದ್ದು ಕಂಡು ಸರಿ ಮಾಡುತ್ತಿದ್ದರು, ಯಾರಿಗೂ ಹೇಳುತ್ತಿರಲಿಲ್ಲ.

ವಯಸ್ಸಾದದ್ದೇ ತೊಂದರೆಯಾದಾಗ

ತಾರೀಕು ಸರಿ ಇದ್ದು, ಕೆಲವು ಸೈಟು ಮಾತ್ರ ತೆರೆಯದಿದ್ದರೆ ಬ್ರೌಸರ್ ಮುದುಕ ಆಗಿದೆ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ 2020ರ ಜನವರಿ 14ಕ್ಕೆ ಬೆಂಬಲ ನಿಲ್ಲಿಸಿತು. ಕ್ರೋಮ್ ಅದಕ್ಕೆ 109ನೇ ಆವೃತ್ತಿಯಲ್ಲಿ ನಿಂತಿತು. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 7ರಲ್ಲಿ ತುರ್ತಿಗೆ ಫೈರ್‌ಫಾಕ್ಸ್ 115 ಇಎಸ್‌ಆರ್ ಹಾಕಿ ನೋಡಿ, ಅದು ಸರ್ಟಿಫಿಕೇಟುಗಳ ಪಟ್ಟಿಯನ್ನು ತನ್ನದೇ ಇಟ್ಟುಕೊಳ್ಳುತ್ತದೆ, ವಿಂಡೋಸಿನ ಹಳೇ ಪಟ್ಟಿ ನಂಬುವುದಿಲ್ಲ. ಆದರೆ ಅಂಥ ಕಂಪ್ಯೂಟರಿನಲ್ಲಿ ಬ್ಯಾಂಕಿನ ಕೆಲಸ ಮಾಡಬೇಡಿ.

ವೈಫೈ ಆದರೆ ಎರಡೇ ಮಾತು. ಹಳೇ ಅಡಾಪ್ಟರುಗಳು ಹೆಚ್ಚಾಗಿ 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತವೆ, ಹೊಸ ರೂಟರಿನ 5 ಗಿಗಾಹರ್ಟ್ಸ್ ಹೆಸರು ಅವಕ್ಕೆ ಕಾಣುವುದೇ ಇಲ್ಲ. ಪಾಸ್‌ವರ್ಡ್ ಸರಿ ಕೊಟ್ಟರೂ ಒಳಗೆ ಬಿಡದಿದ್ದರೆ ರೂಟರಿನಲ್ಲಿ ಡಬ್ಲ್ಯುಪಿಎ3 ಅನ್ನುವ ಹೊಸ ಭದ್ರತಾ ಪದ್ಧತಿ ಇರಬಹುದು, ಡಬ್ಲ್ಯುಪಿಎ2 ಮಾಡಿ.

ನೆಟ್ ಉಂಟು, ಪಕ್ಕದ ಹಳೇ ಕಂಪ್ಯೂಟರಿನ ಶೇರ್ ಫೋಲ್ಡರ್ ಮಾತ್ರ ಹೊಸದರಲ್ಲಿ ಕಾಣುವುದಿಲ್ಲ ಅನ್ನುವವರಿಗೆ: 2017ರಿಂದ ವಿಂಡೋಸ್ 10ರಲ್ಲಿ ಎಸ್‌ಎಂಬಿ1 ಅನ್ನುವ ಹಳೇ ಭಾಷೆ ತಾನಾಗಿ ಬರುವುದಿಲ್ಲ, ಹಳೇ ವಿಂಡೋಸ್ ಎಕ್ಸ್‌ಪಿಗೆ ಅದು ಬಿಟ್ಟರೆ ಬೇರೆ ಗೊತ್ತಿಲ್ಲ. ಅದನ್ನು ಆನ್ ಮಾಡುವ ದಾರಿ ಯಾರಾದರೂ ತೋರಿಸಿಯಾರು. ಬೇಡ. ಅದೇ ವರ್ಷ ಮೇ ತಿಂಗಳಲ್ಲಿ ವನ್ನಾಕ್ರೈ ವೈರಸ್ ಲೋಕವೆಲ್ಲ ಹರಡಿದ್ದು ಅದೇ ಬಾಗಿಲಿನಿಂದ. ಪೆನ್‌ಡ್ರೈವಿನಲ್ಲಿ ತನ್ನಿ.

ಇಷ್ಟಾದರೂ ಆಗದಿದ್ದರೆ ಸರ್ವಿಸಿನವರನ್ನು ಕರೆಯಿರಿ, ಆದರೆ ಬರೀ "ನೆಟ್ ಇಲ್ಲ" ಅನ್ನಬೇಡಿ. ದೀಪ ಹತ್ತಿದೆಯೋ ಇಲ್ಲವೋ, ವಿಳಾಸ ಯಾವ ಅಂಕೆಯಿಂದ ಶುರು, ಪಿಂಗ್ ಯಾವ ಮೆಟ್ಟಿಲಲ್ಲಿ ಬಿತ್ತು, ಈ ಮೂರು ಹೇಳಿ, ತೆಗೆದ ಫೋಟೋ ವಾಟ್ಸಾಪಿಗೆ ಹಾಕಿ. ನಾನಾದರೆ ಅಷ್ಟು ನೋಡಿ ಚೀಲಕ್ಕೆ ವಯರ್ ಹಾಕಬೇಕೋ ಲ್ಯಾನ್ ಕಾರ್ಡ್ ಹಾಕಬೇಕೋ ಅಂತ ಮನೆಯಲ್ಲೇ ನಿರ್ಧರಿಸಿ ಹೊರಡುತ್ತೇನೆ, ಒಂದೇ ಸಲದಲ್ಲಿ ಕೆಲಸ ಮುಗಿಯುತ್ತದೆ. ಬಂದವರು ಚೀಲ ಕೆಳಗಿಡುವ ಮೊದಲೇ ಫಾರ್ಮ್ಯಾಟ್ ಅಂದರೆ ಮೇಜಿನ ಅಡಿ ತೋರಿಸಿ.